ವಾಪಸ್ ಕಾಶೀನಾಥನ ಹಿಮದ ನೌಕರಿ

ಹೋದ ತಿಂಗಳು ಬಸವಕಲ್ಯಾಣದಲ್ಲಿ ಸೇನೆ, ಪೊಲೀಸ್ ಭರ್ತಿಗೆ ತಯಾರಿ ಮಾಡಿಸುವ ಒಂದು ತರಬೇತಿ ಕೇಂದ್ರದವರು ನನ್ನನ್ನು ಭಾಷಣಕ್ಕೆ ಕರೆದಿದ್ದರು. ಬ್ಯಾನರಿನಲ್ಲಿ ನನ್ನ ಹೆಸರಿನ ಹಿಂದೆ ‘ಹಿಮವೀರ’ ಎಂದು ಬರೆಸಿದ್ದರು. ಪಕ್ಕದಲ್ಲಿ ಕಾಲಿಗೆ ಸ್ಕೀ ಕಟ್ಟಿಕೊಂಡು ಬಿಳಿ ಬೆಟ್ಟದ ಮೇಲಿಂದ ಹಾರುತ್ತಿರುವ ಯಾವನೋ ವಿದೇಶಿಯವನ ಚಿತ್ರವಿತ್ತು. ನಾನಾದರೋ ಮೂರನೇ ಮಹಡಿಯ ಆ ಸಭಾಂಗಣಕ್ಕೆ ಮೆಟ್ಟಿಲು ಹತ್ತುವಾಗ ಎರಡು ಸಲ ಗೋಡೆ ಹಿಡಿದು ನಿಂತಿದ್ದೆ. ನನ್ನ ಮೊಣಕಾಲುಗಳ ಕಟಕಟ ಸದ್ದು ಕೈಹಿಡಿದು ಕರೆದೊಯ್ಯುತ್ತಿದ್ದ ಮಾಸ್ತರರಿಗೂ ಕೇಳಿಸಿರಬೇಕು. ಆದರೆ ಹೆಗಲ ಮೇಲೆ ಶಾಲು ಬಿದ್ದ ಕೂಡಲೆ ಮೊಣಕಾಲಿನ ನೆನಪು ಹೋಯಿತು. ನಲವತ್ತು ನಿಮಿಷ ಮಾತನಾಡಿದೆ. ಆ ಮಾತುಗಳಲ್ಲಿ ನಾನು ಒಮ್ಮೆಯೂ ಬೀಳಲಿಲ್ಲ, ಒಮ್ಮೆಯೂ ಹೆದರಲಿಲ್ಲ. ಹಿಮಾಲಯವೇ ನನ್ನನ್ನು ಕಂಡು ಸ್ವಲ್ಪ ಬದಿಗೆ ಸರಿಯುತ್ತಿತ್ತು ಎನ್ನುವ ಹಾಗಿತ್ತು.

ಚಹಾ ಕುಡಿಯುವಾಗ ಒಬ್ಬ ಹುಡುಗಿ ಬಂದು ನಿಂತಳು. ಹೆಸರು ಅಶ್ವಿನಿ, ಊರು ಮನ್ನಾಏಖೇಳ್ಳಿ, ಅವಳಪ್ಪನದು ಹೆದ್ದಾರಿಯ ಪಕ್ಕ ಪಂಕ್ಚರ್ ಅಂಗಡಿ. ಪರ್ವತದ ಗಡಿ ಕಾಯುವ ಪಡೆಗೆ ಆಯ್ಕೆಯಾಗಿದ್ದಾಳೆ, ಬರುವ ಚಳಿಗಾಲಕ್ಕೆ ಹಿಮದಲ್ಲಿ ತರಬೇತಿ. ಅವಳು ಬಹಳ ವಿನಯದಿಂದಲೇ ಕೇಳಿದಳು.

“ಕಾಕಾ, ನೀವ್ ಹೇಳಿದ್ದರಾಗ ನಿಮ್ದು ಒಂದೂ ತಪ್ಪು ಬರಲೇ ಇಲ್ರಿ. ಖರೇನ ಒಂದೂ ಆಗಿಲ್ಲೇನ್ರಿ? ನಾ ಹೋಗಿ ತಪ್ಪು ಮಾಡಾಕೆನೇ. ಅದಕ ಕೇಳಾಕತ್ತೇನಿ.”

ಹುಮನಾಬಾದಿನ ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ನಾನು ಅಲ್ಲಿಂದ ಕಾಲ್ತೆಗೆದೆ. ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಮನೆಗೆ ಬಂದು ಹೆಂಡತಿ ಸುವರ್ಣಾಳಿಗೆ ಹೇಳಿದರೆ ಅವಳು ಶಾಲನ್ನು ಮಡಚಿ ಕಪಾಟಿನಲ್ಲಿಡುತ್ತ, ಆ ಹುಡುಗಿ ಕೇಳಿದ್ದಕ್ಕೆ ಉತ್ತರ ಬರೆಯಲು ಒಂದು ನೋಟ್‌ಬುಕ್ ಸಾಕಾಗುವುದಿಲ್ಲ, ಎರಡು ತರಿಸಿಕೊಳ್ಳಿ ಎಂದಳು. ಹಾಗೆ ಇದನ್ನು ಬರೆಯಲು ಕುಳಿತಿದ್ದೇನೆ. ಯಾವ ವರ್ಷ ಯಾವ ಪಟ್ಟಿ ತೋಳಿಗೇರಿತು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದು ಪಿಂಚಣಿ ಕಚೇರಿಯವರಿಗೆ ಬೇಕಾದ ಸಂಗತಿ.

ನಾನು ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಊರಿನವನು. ಅಪ್ಪ ಕುರಿ ಕಾಯುತ್ತಿದ್ದ. ಸೈನ್ಯ ಸೇರುವವರೆಗೆ ನಾನು ಕಂಡ ಬರ್ಫ ಎಂದರೆ ಹುಮನಾಬಾದ್ ಬಸ್‌ಸ್ಟ್ಯಾಂಡಿನ ಎದುರು ಗಾಡಿಯವನು ಕೀಸಿ, ಕಡ್ಡಿಗೆ ಮೆತ್ತಿ, ಕೆಂಪು ನೀರು ಹಾಕಿ ಕೊಡುತ್ತಿದ್ದ ಗೋಲಾ ಮಾತ್ರ. ಭರ್ತಿಯಲ್ಲಿ ನನ್ನ ಜೊತೆ ಕೊಡಂಬಲದ ವೈಜಿನಾಥನೂ ಆಯ್ಕೆಯಾದ. ಗಟ್ಟಿ ರೈತಾಪಿ ಮನೆಯವನು, ಕಡಿಮೆ ಮಾತಿನವನು. ನಮ್ಮಿಬ್ಬರನ್ನೂ ಒಂದೇ ಬೆಟಾಲಿಯನ್ನಿಗೆ ಹಾಕಿ ಗುಡ್ಡದ ಮೇಲೆ ಕಳಿಸಿದರು. ಮೊದಲ ಚಳಿಗಾಲಕ್ಕೆ ಮುಂಚೆ ಒಬ್ಬ ಅಧಿಕಾರಿ ಸಾಲು ನಿಲ್ಲಿಸಿ, ಸ್ಕೀ ಕೋರ್ಸಿಗೆ ಯಾರು ಹೋಗುತ್ತೀರಿ ಎಂದು ಹಿಂದಿಯಲ್ಲಿ ಕೇಳಿದರು. ನನಗೆ ‘ಸ್ಕೂಲ್ ಕೋರ್ಸ್’ ಎಂದು ಕೇಳಿಸಿತು. ನಾಲ್ಕು ಗೋಡೆಯೊಳಗೆ ಬೆಂಚಿನ ಮೇಲೆ ಕುಳಿತು ಚಳಿಗಾಲ ಕಳೆಯಬಹುದಲ್ಲ ಎಂದು ಎಲ್ಲರಿಗಿಂತ ಮೊದಲು ಕೈ ಎತ್ತಿದೆ. ನಾನು ಎತ್ತಿದೆನೆಂದು ವೈಜಿನಾಥನೂ ಎತ್ತಿದ. ನನ್ನ ಇಡೀ ವೃತ್ತಿಜೀವನ ಹೀಗೆ ಕಿವಿಯ ದೋಷದಿಂದ ಶುರುವಾಯಿತು.

ಕಲಿಸುವವರನ್ನು ಅಲ್ಲಿ ಉಸ್ತಾದ್ ಎನ್ನುತ್ತಾರೆ. ನಮ್ಮ ಉಸ್ತಾದರ ಹೆಸರು ನೇಗಿ. ಆ ಗುಡ್ಡಗಾಡಿನಲ್ಲೇ ಹುಟ್ಟಿದವರು, ಗಿಡ್ಡ ಆಳು, ಮಾತಿಗಿಂತ ಹೆಚ್ಚಾಗಿ ಹುಬ್ಬಿನಲ್ಲಿ ಬೈಯುತ್ತಿದ್ದರು. ಹಿಮದ ಬೆಟ್ಟ ಹತ್ತುವಾಗ ಸ್ಕೀಯ ಅಡಿಗೆ ಒರಟು ಕೂದಲಿನ ಒಂದು ಪಟ್ಟಿಯನ್ನು ಅಂಟಿಸಬೇಕು. ಅದು ಮುಂದೆ ಜಾರುತ್ತದೆ, ಹಿಂದೆ ಜಾರಲು ಬಿಡುವುದಿಲ್ಲ. ಮೇಲೆ ಹೋದ ಮೇಲೆ ಅದನ್ನು ಕಿತ್ತು ಚೀಲಕ್ಕೆ ಹಾಕಿ ಬರಿಯ ಸ್ಕೀಯಲ್ಲಿ ಜಾರಿ ಇಳಿಯಬೇಕು. ಮೊದಲ ಸಲ ಇಳಿದ ದಿನ ಇಪ್ಪತ್ತು ಜನರಲ್ಲಿ ಹತ್ತೊಂಬತ್ತು ಜನ ಉರುಳಿ ಉರುಳಿ ಬಿದ್ದರು. ನಾನೊಬ್ಬನೇ ಬೀಳದೆ, ನೆಟ್ಟಗೆ, ಮದುವೆ ಮೆರವಣಿಗೆಯ ವೇಗದಲ್ಲಿ ಕೆಳಗೆ ಬಂದೆ. ಹುಟ್ಟಾ ಪ್ರತಿಭೆ ಎಂದು ನನಗೇ ರೋಮಾಂಚನವಾಯಿತು. ಉಸ್ತಾದರು ಹತ್ತಿರ ಬಂದು ಒಂದು ಕಾಲು ಮೇಲೆತ್ತು ಎಂದರು. ಎತ್ತಿದೆ. ಪಟ್ಟಿ ಸ್ಕೀಗೆ ಅಂಟಿಕೊಂಡೇ ಇತ್ತು. ಕಿತ್ತು ಹಾಕುವುದನ್ನೇ ಮರೆತಿದ್ದೆ. ಅವತ್ತು ಸಂಜೆ ನನ್ನನ್ನು ಒಬ್ಬನನ್ನೇ ಮತ್ತೆ ಮೇಲೆ ಕಳಿಸಿ, ಪಟ್ಟಿ ತೆಗೆಸಿ, ಇಳಿಸಿದರು. ಉಳಿದ ಹತ್ತೊಂಬತ್ತು ಜನ ಒಟ್ಟು ಸೇರಿ ಬಿದ್ದಷ್ಟು ಸಲ ನಾನೊಬ್ಬನೇ ಬಿದ್ದೆ.

ಎರಡು ಮೂರು ಚಳಿಗಾಲ ಕಳೆಯುವುದರಲ್ಲಿ ಬೀಳುವುದು ಕಡಿಮೆಯಾಯಿತು. ನಮ್ಮ ಕೆಲಸ ಏನು ಎಂದು ಕೇಳಿದರೆ ಒಂದೇ ಮಾತಿನಲ್ಲಿ ಹೇಳಬಹುದು. ಹಿಮ ಯಾವಾಗ ಕುಸಿಯುತ್ತದೆ ಎಂದು ಮುಂಚೆ ಹೇಳುವುದು. ಕಣಿವೆಯ ರಸ್ತೆಯಲ್ಲಿ ಲಾರಿಗಳು ಹೋಗಬೇಕು, ಮೇಲಿನ ಚೌಕಿಗಳಿಗೆ ಸೀಮೆಎಣ್ಣೆ, ಹಿಟ್ಟು ಹೋಗಬೇಕು. ನಾಲ್ಕೈದು ಜನ ಸ್ಕೀ ಹಾಕಿಕೊಂಡು ಇಡೀ ದಿನ ಬೆಟ್ಟ ಸುತ್ತಿ, ಹಿಮದಲ್ಲಿ ಎದೆಯುದ್ದ ಗುಂಡಿ ತೋಡಿ, ಪದರಗಳನ್ನು ನೋಡಿ, ಇವತ್ತು ಹೋಗಬಹುದು ಅಥವಾ ಬೇಡ ಎಂದು ವೈರ್‌ಲೆಸ್ಸಿನಲ್ಲಿ ಹೇಳುತ್ತಿದ್ದೆವು.

ಇದನ್ನು ನಾನು ನಮ್ಮ ಅವ್ವನಿಗೆ ವಿವರಿಸಲು ಹೋದದ್ದುಂಟು. ರಜೆಗೆ ಬಂದಾಗ ಒಂದು ಪರಾತದಲ್ಲಿ ಸಕ್ಕರೆ ಹರವಿ, ಅದರ ಮೇಲೆ ಕಡಕ್ ರೊಟ್ಟಿ ಇಟ್ಟೆ. ಹಳೆಯ ಹಿಮ ಚಳಿಗೆ ಒಳಗೊಳಗೇ ಸಕ್ಕರೆಯಂತೆ ಉದುರುದುರಾಗುತ್ತದೆ, ಗಾಳಿ ಬೀಸಿದಾಗ ಹೊಸ ಹಿಮ ಅದರ ಮೇಲೆ ಹೀಗೆ ಗಟ್ಟಿ ಹಾಳೆಯಾಗಿ ಕೂಡುತ್ತದೆ ಎಂದೆ. ಪರಾತವನ್ನು ಬಾಗಿಸುತ್ತ ಹೋದೆ. ರೊಟ್ಟಿ ಒಂದಿಷ್ಟು ಹೊತ್ತು ನಿಂತೇ ಇತ್ತು. ಬೆರಳು ಮುಟ್ಟಿಸಿದ ಕೂಡಲೆ ಸರ್ರನೆ ಜಾರಿ ಅವ್ವನ ಮಡಿಲಿಗೆ ಬಿತ್ತು. ಆ ಬೆರಳು ಇದ್ದ ಜಾಗದಲ್ಲಿ ನಾವಿರುತ್ತೇವೆ, ನಮ್ಮ ಭಾರಕ್ಕೇ ಅದು ಜಾರುತ್ತದೆ ಎಂದೆ. ಅವ್ವ ಸೀರೆಯ ಸಕ್ಕರೆ ಕೊಡವಿಕೊಂಡು ಕೇಳಿದಳು, “ಮತ್ತ ನೀ ಯಾಕಪಾ ಅದರ ಮ್ಯಾಲ ಹೋಗ್ತಿ?” ಇಷ್ಟು ವರ್ಷದ ನೌಕರಿಯಲ್ಲಿ ಯಾವ ಅಧಿಕಾರಿಯೂ ಕೇಳದ ಸರಿಯಾದ ಪ್ರಶ್ನೆ ಅದು.

ನಾನು ಸೇರಿದಾಗ ಪದ್ಧತಿಗಳು ಬೇರೆಯಿದ್ದವು. ಸೊಂಟಕ್ಕೆ ಉದ್ದನೆಯ ಕೆಂಪು ದಾರ ಕಟ್ಟಿಕೊಂಡು ಹಿಂದೆ ಎಳೆದುಕೊಂಡು ಹೋಗುತ್ತಿದ್ದೆವು. ಹಿಮದಲ್ಲಿ ಹೂತರೆ ದಾರದ ಒಂದು ತುದಿಯಾದರೂ ಮೇಲೆ ಕಾಣಲಿ ಎಂದು. ಆಮೇಲೆ ಎದೆಗೆ ಕಟ್ಟಿಕೊಳ್ಳುವ ಬೀಕನ್ ಎಂಬ ಯಂತ್ರ ಬಂತು. ನಡೆಯುವಾಗ ಅದು ಸಂಕೇತ ಕಳಿಸುತ್ತಿರುತ್ತದೆ. ಯಾರಾದರೂ ಹೂತರೆ ಉಳಿದವರು ತಮ್ಮ ಯಂತ್ರದ ಸ್ವಿಚ್ಚನ್ನು ಹುಡುಕುವ ಕಡೆಗೆ ತಿರುಗಿಸಬೇಕು. ಆಗ ಹೂತವನ ದಿಕ್ಕಿಗೆ ಬಾಣದ ಗುರುತು ತೋರಿಸುತ್ತದೆ. ನಾನು ಅದನ್ನು ಹೊಸಬರಿಗೆ ಕಲಿಸುತ್ತಿದ್ದೆ. ಕಣ್ಣು ಮುಚ್ಚಿ ಸ್ವಿಚ್ ತಿರುಗಿಸಿ ತೋರಿಸುತ್ತಿದ್ದೆ. ಇದನ್ನು ಇಲ್ಲಿ ಯಾಕೆ ಹೇಳಿದೆ ಎಂಬುದು ಇನ್ನೊಂದೆರಡು ಪುಟದಲ್ಲಿ ಗೊತ್ತಾಗುತ್ತದೆ.

ನೇಗಿ ಉಸ್ತಾದರ ಕೊನೆಯ ಚಳಿಗಾಲ ಅದು. ನನ್ನ ಕೈಗೆ ತಂಡದ ಮುಂದಾಳತ್ವ ಬಂದಿತ್ತು. ಹೊಸದಾಗಿ ಬಂದ ತರುಣ ಸಾಹೇಬರೊಬ್ಬರು, ಹಿಮದ ಬಗ್ಗೆ ಈ ಬೆಟಾಲಿಯನ್ನಿನಲ್ಲಿ ಕಾಶೀನಾಥನಷ್ಟು ತಿಳಿದವರಿಲ್ಲ ಎಂದು ಎಲ್ಲರ ಮುಂದೆ ಹೊಗಳಿದ್ದರು. ಅದಾದ ಮೇಲೆ ನಾನು ಚಹಾ ಕುಡಿಯುವ ಶೈಲಿಯೇ ಬದಲಾಗಿತ್ತು ಎಂದು ವೈಜಿನಾಥ ಹೇಳುತ್ತಿದ್ದ.

ಎರಡು ದಿನ ಪಡುವಣದಿಂದ ಜೋರು ಗಾಳಿ ಬೀಸಿ ನಿಂತಿತ್ತು. ಮೂರನೆಯ ದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ರಸ್ತೆಯ ಮೇಲಿರುವ ಬೆಟ್ಟದ ನೆತ್ತಿಗೆ ಹೋಗಿ ನೋಡಿಕೊಂಡು ಬರಬೇಕಿತ್ತು. ಸಾಹೇಬರು, ಉಸ್ತಾದರು, ವೈಜಿನಾಥ, ನಾನು, ಒಟ್ಟು ನಾಲ್ವರು. ಹೊರಡುವ ಮೊದಲು ಗುಂಡಿ ತೋಡಿ ಪರೀಕ್ಷೆ ಮಾಡಬೇಕು. ಗುಂಡಿಯ ಗೋಡೆಯಲ್ಲಿ ಹಿಮದ ಒಂದು ಕಂಬ ಕತ್ತರಿಸಿ, ಅದರ ಮೇಲೆ ಸಲಿಕೆ ಇಟ್ಟು, ಮೊದಲು ಮಣಿಕಟ್ಟಿನಿಂದ ಹತ್ತು ಸಲ, ಆಮೇಲೆ ಮೊಣಕೈಯಿಂದ ಹತ್ತು ಸಲ, ಕೊನೆಗೆ ಇಡೀ ತೋಳೆತ್ತಿ ಹತ್ತು ಸಲ ಬಡಿಯಬೇಕು. ಕಂಬ ಎಷ್ಟನೇ ಏಟಿಗೆ ಮುರಿಯಿತು ಎಂಬುದರ ಮೇಲೆ ನಮ್ಮ ಜೀವ. ಆ ಗುಂಡಿಯನ್ನು ನಾವು ಹತ್ತಬೇಕಾದ ಇಳಿಜಾರಿನಂಥದ್ದೇ ಜಾಗದಲ್ಲಿ, ಅದೇ ದಿಕ್ಕಿನಲ್ಲಿ ತೋಡಬೇಕು. ನಾನು ಅಡುಗೆಮನೆಯ ಹಿಂದೆ ತೋಡಿದೆ. ಕಾರಣ ಇಷ್ಟೇ, ಅಲ್ಲಿ ಬಿಸಿ ಚಹಾ ಹತ್ತಿರವಿತ್ತು, ಗಾಳಿಯೂ ಇರಲಿಲ್ಲ. ಗಾಳಿ ಇಲ್ಲದ ಜಾಗದ ಹಿಮ ಗಾಳಿ ತಂದು ಸುರಿದ ಹಿಮದ ಬಗ್ಗೆ ಏನು ಹೇಳೀತು. ಕಂಬ ಕೊನೆಯ ಏಟಿನವರೆಗೂ ಮುರಿಯಲಿಲ್ಲ. ಪುಸ್ತಕದಲ್ಲಿ ‘ಗಟ್ಟಿ’ ಎಂದು ಬರೆದು ಸಹಿ ಹಾಕಿದೆ.

ಉಸ್ತಾದರು ಗುಂಡಿಯನ್ನೂ ನನ್ನನ್ನೂ ನೋಡಿ, ಮೇಲೆ ಹೋದ ಮೇಲೆ ಇನ್ನೊಂದು ತೋಡೋಣ ಎಂದರು. ಎಲ್ಲ ಒಂದೇ ಹಿಮ ಉಸ್ತಾದ್ ಎಂದೆ. ಸಾಹೇಬರು ಪಕ್ಕದಲ್ಲೇ ನಿಂತಿದ್ದರು. ಅವರು ಇಲ್ಲದಿದ್ದರೆ ಹಾಗೆ ಹೇಳುತ್ತಿರಲಿಲ್ಲ.

ಎರಡು ತಾಸು ಹತ್ತಿದೆವು. ನಾನು ಮುಂದೆ, ನನ್ನ ಹಿಂದೆ ವೈಜಿನಾಥ, ಸಾಹೇಬರು ಮತ್ತು ಉಸ್ತಾದರು ಸ್ವಲ್ಪ ದೂರದಲ್ಲಿ. ನೆತ್ತಿ ಮುಟ್ಟುವ ಮೊದಲು ಒಂದು ಅಗಲವಾದ ಇಳಿಜಾರನ್ನು ಅಡ್ಡ ದಾಟಬೇಕು. ನಮ್ಮ ಕಡೆಯ ಮನೆಗಳ ಮಾಳಿಗೆ ಮೆಟ್ಟಿಲಿನಷ್ಟು ಕಡಿದು. ಹಿಮ ಕುಸಿಯಲು ಇಷ್ಟಪಡುವುದು ಅಂಥ ಜಾಗವನ್ನೇ. ಅದರ ಅಂಚಿಗೆ ಕಾಲಿಡುವಾಗ ಕೆಳಗಿನಿಂದ ಧುಪ್ ಎಂಬ ಸದ್ದು ಬಂತು, ಗೋದಾಮಿನಲ್ಲಿ ತೊಗರಿಯ ಚೀಲವನ್ನು ಮೇಲಿಂದ ಕೆಡವಿದ ಹಾಗೆ. ಕಾಲ ಕೆಳಗಿನ ಹಿಮ ಒಂದು ಬೆರಳಷ್ಟು ಕುಸಿದು ನಿಂತಿತು. ಒಳಗಿನ ಸಕ್ಕರೆಯಂಥ ಪದರ ಕುಸಿದಾಗ ಬರುವ ಸದ್ದು ಅದು. ಅದನ್ನು ಕೇಳಿದವನು ಬೇರೇನೂ ಯೋಚಿಸದೆ ತಿರುಗಿ ಹೋಗಬೇಕು. ನಾನೇ ನೂರು ಸಲ ಹಾಗೆಂದು ಕಲಿಸಿದ್ದೆ.

ವೈಜಿನಾಥ ಅದೇನು ಎಂದು ಕೇಳಿದ. ನಾನು ಅವನ ಮುಖ ನೋಡಲಿಲ್ಲ.

“ಏನಿಲ್ಲ, ನಡಿ,” ಎಂದೆ.

ತಿರುಗಿ ಹೋಗೋಣ ಎಂದರೆ ಬೆಳಿಗ್ಗೆ ತೋಡಿದ ಗುಂಡಿ ತಪ್ಪು ಎಂದು ಸಾಹೇಬರ ಮುಂದೆ ಒಪ್ಪಿಕೊಳ್ಳಬೇಕಿತ್ತು. ಅಷ್ಟಕ್ಕೇ ನಾನು ಸುಮ್ಮನಿದ್ದೆ. ಅವತ್ತು ನನ್ನ ತಲೆಯಲ್ಲಿ ಇದಕ್ಕಿಂತ ದೊಡ್ಡ ಕಾರಣವೇನಾದರೂ ಇತ್ತೇ ಎಂದು ಇಷ್ಟು ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ.

ಇಂಥ ಜಾಗವನ್ನು ಒಬ್ಬೊಬ್ಬರಾಗಿ ದಾಟಬೇಕು, ಒಬ್ಬ ಆ ಕಡೆ ಮುಟ್ಟಿದ ಮೇಲೆ ಇನ್ನೊಬ್ಬ. ಅದೊಂದನ್ನು ಪಾಲಿಸಿದೆ. ನಾನು ದಾಟಿ ಬಂಡೆಯ ಮರೆಗೆ ನಿಂತೆ. ವೈಜಿನಾಥ ದಾರಿ ಬಿಟ್ಟುಕೊಟ್ಟ ಮೇಲೆ ಸಾಹೇಬರು ದಾಟಿದರು. ವೈಜಿನಾಥ ನಡುವೆ ಬಂದಾಗ ಅವನ ತಲೆಯ ಮೇಲಿನ ಬಿಳುಪಿನಲ್ಲಿ ಕನ್ನಡಿ ಬಿರಿದಂತೆ ಒಂದು ಗೆರೆ ಓಡಿತು. ಇಡೀ ಇಳಿಜಾರು ತುಂಡು ತುಂಡಾಗಿ ಕೆಳಗೆ ಹೊರಟಿತು. ಅವನು ಒಮ್ಮೆ ಕೈ ಎತ್ತಿದ್ದು ಕಂಡಿತು. ಆಮೇಲೆ ಬಿಳಿ ಧೂಳು. ಧೂಳು ಇಳಿದಾಗ ಅಲ್ಲಿ ಯಾರೂ ಇರಲಿಲ್ಲ.

ಉಸ್ತಾದರು ಆಚೆ ಬದಿಯಲ್ಲಿದ್ದರು. ಅವನು ಕೊನೆಗೆ ಕಂಡ ಜಾಗಕ್ಕೆ ಕೈ ತೋರಿಸುತ್ತಲೇ, ಕಣ್ಣು ಕದಲಿಸದೆ ಕೆಳಗೆ ಇಳಿದರು. ನಾವೂ ಇಳಿದೆವು. ಬೀಕನ್ ತಿರುಗಿಸಿ ಎಂದು ಅವರು ಕೂಗಿದ್ದು ಕೇಳಿಸಿತು. ಸಾಹೇಬರು ತಿರುಗಿಸಿದರು. ನಾನು ಯಂತ್ರವನ್ನು ಕೈಯಲ್ಲಿ ಹಿಡಿದು ಓಡಾಡತೊಡಗಿದೆ. ಸಾಹೇಬರ ಯಂತ್ರದ ಬಾಣ ನನ್ನ ಕಡೆ ತೋರಿಸಿತು. ಅವರು ನನ್ನ ಕಡೆ ಬಂದರು, ನಾನು ದಾರಿ ಬಿಟ್ಟು ಎಡಕ್ಕೆ ಸರಿದೆ. ಅವರೂ ಎಡಕ್ಕೆ ಬಂದರು. ನಾನು ಕೆಳಗಿಳಿದೆ. ಅವರೂ ಇಳಿದರು. ಹೀಗೆ ನಾವಿಬ್ಬರೂ ಆ ಹಿಮದ ರಾಶಿಯ ಮೇಲೆ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ತಿರುಗಾಡಿದೆವು. ಉಸ್ತಾದರು ಬಂದು ನನ್ನ ಕೈಯಲ್ಲಿದ್ದ ಯಂತ್ರವನ್ನು ನೋಡಿ, ತಾವೇ ಅದರ ಸ್ವಿಚ್ ತಿರುಗಿಸಿದರು. ಅಲ್ಲಿಯವರೆಗೆ ನನ್ನದು ಸಂಕೇತ ಕಳಿಸುತ್ತಲೇ ಇತ್ತು. ಸಾಹೇಬರು ಹುಡುಕುತ್ತಿದ್ದದ್ದು ನನ್ನನ್ನು.

ಆಮೇಲೆ ಬಾಣ ಸರಿಯಾದ ಕಡೆ ತಿರುಗಿತು. ಉಸ್ತಾದರ ಉದ್ದನೆಯ ಕೋಲು ಎರಡನೇ ಸಲಕ್ಕೇ ಮೆತ್ತಗೆ ಏನಕ್ಕೋ ತಾಗಿತು. ನಾನು ಅಗೆದೆ. ಹಾಗೆ ಅಗೆದದ್ದು ನನ್ನ ಆಯುಷ್ಯದಲ್ಲಿ ಅದೊಂದೇ ಸಲ. ಎದೆಯ ಆಳಕ್ಕೆ ಒಂದು ಕೈಗವಸು ಕಂಡಿತು, ಆಮೇಲೆ ತಲೆ. ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಉಸ್ತಾದರು ಅವನ ಬಾಯಿಂದ ಹಿಮ ತೆಗೆದು ಎರಡು ಸಲ ಉಸಿರು ಊದಿದರು. ಮೂರನೆಯದನ್ನು ಅವನೇ ಎಳೆದುಕೊಂಡ. ಕೆಮ್ಮಿ, ಕಣ್ಣು ಬಿಟ್ಟು, ನನ್ನನ್ನು ನೋಡಿದ.

“ಕಾಶ್ಯಾ, ಥಂಡಿ ಭಾಳ ಐತಲೇ.”

ಉಸ್ತಾದರ ಗಡಿಯಾರದ ಪ್ರಕಾರ ಹನ್ನೊಂದು ನಿಮಿಷ ಒಳಗಿದ್ದ. ಅದರಲ್ಲಿ ಎರಡು ನಿಮಿಷ ನನ್ನ ಸ್ವಿಚ್ಚಿನದು. ಹದಿನೈದು ದಾಟಿದರೆ ಬದುಕಿ ಬರುವವರು ಕಡಿಮೆ. ಅವನ ಹೆಗಲ ಬಳಿಯ ಕೊರಳೆಲುಬು ಮುರಿದಿತ್ತು, ಮೂರು ಪಕ್ಕೆಲುಬು ಹೋಗಿದ್ದವು. ಮರುದಿನ ಹೆಲಿಕಾಪ್ಟರಿನಲ್ಲಿ ಕೆಳಗೆ ಕಳಿಸಿದರು.

ಸಾಹೇಬರು ವರದಿಯಲ್ಲಿ ಇದು ಯಾರೂ ಊಹಿಸಲಾಗದ ಪ್ರಕೃತಿಯ ಆಟ ಎಂದು ಬರೆದರು. ಸದ್ದು ಅವರಿಗೆ ಕೇಳಿಸಿರಲಿಲ್ಲ, ಗುಂಡಿಯ ವಿಷಯ ಅವರಿಗೆ ಅರ್ಥವಾಗಿರಲಿಲ್ಲ. ಕೈ ಬೊಬ್ಬೆ ಬರುವಂತೆ ಅಗೆದು ಜೊತೆಗಾರನ ಪ್ರಾಣ ಉಳಿಸಿದ್ದಕ್ಕೆ ನನಗೆ ಒಂದು ಪ್ರಶಂಸಾ ಪತ್ರವೂ ಬಂತು. ನಾನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಸೆಲ್ಯೂಟ್ ಹೊಡೆದೆ. ಉಸ್ತಾದರು ನಿವೃತ್ತಿಯಾಗಿ ಊರಿಗೆ ಹೊರಡುವ ದಿನ, ಅಡುಗೆಮನೆಯ ಗುಂಡಿ ಅಡುಗೆಮನೆಯ ಹಿಮದ ಬಗ್ಗೆ ಮಾತ್ರ ಹೇಳುತ್ತದೆ ಎಂದರು.

ಎರಡು ತಿಂಗಳ ಮೇಲೆ ರಜೆ ಸಿಕ್ಕಿತು. ವೈಜಿನಾಥ ಆಸ್ಪತ್ರೆಯಿಂದ ಬಿಡುಗಡೆಯಾಗಿ ಕೊಡಂಬಲದಲ್ಲಿದ್ದ. ಅವನನ್ನು ನೋಡಲು ಹೋಗದಿರುವ ಎಲ್ಲ ಉಪಾಯಗಳನ್ನೂ ಮಾಡಿದೆ. ಕೊನೆಗೆ ಸುವರ್ಣಾ ತಾನೂ ಬರುತ್ತೇನೆ ಎಂದು ಸೀರೆ ಉಟ್ಟು ನಿಂತಾಗ ಬೇರೆ ದಾರಿಯಿರಲಿಲ್ಲ. ಬಸ್ಸಿನಲ್ಲಿ ಅವಳಿಗೆ ಎಲ್ಲ ಹೇಳಿದೆ. ಇಳಿಯುವಾಗ, ಅಲ್ಲಿ ಹೇಳುತ್ತೀರೋ ಇಲ್ಲವೋ ಎಂದಷ್ಟೇ ಕೇಳಿದಳು.

ವೈಜಿನಾಥನ ಮನೆಯ ಅಂಗಳದಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಮಗನನ್ನು ಬರ್ಫದಿಂದ ಕಿತ್ತು ತಂದವನು ಬರುತ್ತಾನೆಂದು ಅವನ ತಾಯಿ ಓಣಿಗೆಲ್ಲ ಹೇಳಿಟ್ಟಿದ್ದಳು. ಆ ಮುದುಕಿ ನನ್ನ ಕೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಕೂಡಲೇ ಹೇಳಿಬಿಡಬೇಕೆಂದುಕೊಂಡಿದ್ದೆ. ಅಷ್ಟರಲ್ಲಿ ಎಲೆ ಹಾಕಿದರು. ವೈಜಿನಾಥನ ಹೆಂಡತಿ ಮಹಾನಂದಾ ಹೋಳಿಗೆ ಮಾಡಿದ್ದಳು, ಮೇಲೆ ಧಾರಾಳ ತುಪ್ಪ. ಒಂದು ತಿಂದು ಹೇಳೋಣ ಎಂದುಕೊಂಡೆ. ಹಾಗೆ ಅಂದುಕೊಳ್ಳುತ್ತ ನಾಲ್ಕು ತಿಂದೆ. ಸತ್ಯ ಹೇಳಲು ಬಂದವನು ನಾಲ್ಕು ಹೋಳಿಗೆ ತಿಂದ ಸಂಗತಿಯನ್ನು ಸುವರ್ಣಾ ಇಂದಿಗೂ ಬಿಟ್ಟಿಲ್ಲ.

ಕೇಳಿದವನು ವೈಜಿನಾಥನೇ. ತೋಳು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು, ಗೋಡೆಗೆ ಒರಗಿ ನನ್ನೆದುರಿಗೇ ಕುಳಿತಿದ್ದ.

“ಕಾಶ್ಯಾ, ಒಂದು ಕೇಳ್ತೀನಿ. ಧುಪ್ ಅಂತಲ್ಲ, ಅದು ಏನಂತ ನಿನಗ ಗೊತ್ತಿತ್ತು, ಹೌದಿಲ್ಲೋ?”

“ಗೊತ್ತಿತ್ತು.”

“ಮತ್ತ ಯಾಕ ಸುಮ್ಮ ಇದ್ದಿ?”

“ನಾಚಿಕಿ ಆತೋ. ಸಾಹೇಬ್ರ ಮುಂದ ಗುಂಡಿ ತಪ್ಪ ತೋಡೀನಿ ಅಂತ ಹೇಳಾಕ ನಾಚಿಕಿ ಆತು.”

ಗುಂಡಿ, ಸದ್ದು, ಸ್ವಿಚ್ಚು, ಎಲ್ಲವನ್ನೂ ಹೇಳಿದೆ. ಹಿಮದ ಮಾತು ಆ ಅಂಗಳದಲ್ಲಿ ಯಾರಿಗೂ ತಿಳಿಯುವಂಥದ್ದಲ್ಲ, ಆದರೆ ವಿಷಯ ಎಲ್ಲರಿಗೂ ತಿಳಿಯಿತು. ವೈಜಿನಾಥ ಮುಖ ತಿರುಗಿಸಿ ಬಾಗಿಲ ಕಡೆ ನೋಡತೊಡಗಿದ. ಮಹಾನಂದಾ ಕೈಯಲ್ಲಿ ಐದನೆಯ ಹೋಳಿಗೆ ಹಿಡಿದು ನಿಂತಿದ್ದವಳು, ಅದನ್ನು ನನ್ನ ಎಲೆಗೆ ಹಾಕಿದಳು.

“ಉಂಡು ಏಳ್ರಿ ಅಣ್ಣಾ. ಎಲಿ ಮ್ಯಾಲಿಂದ ಎಬ್ಬಸಬಾರ್ದು. ಆದ್ರ ಇನ್ನ ಮುಂದ ನಮ್ಮನಿಗಿ ಬರಬ್ಯಾಡ್ರಿ.”

ಆ ಹೋಳಿಗೆಯನ್ನೂ ನುಂಗಿದೆ. ಕೈ ತೊಳೆದು ಬಂದೆವು.

ರಜೆ ಮುಗಿಸಿ ಹೋದವನು ನೇರ ಸಾಹೇಬರ ಬಳಿ ಹೋಗಿ ಎಲ್ಲ ಹೇಳಿ, ಪ್ರಶಂಸಾ ಪತ್ರವನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ನನ್ನ ಕಡೆಗೇ ತಳ್ಳಿದರು. ಪತ್ರವನ್ನು ವಾಪಸ್ ತೆಗೆದುಕೊಳ್ಳುವ ಪದ್ಧತಿಯೇ ಇಲ್ಲ ಎಂದರು. ಹಾಗಾಗಿ ಅದು ಇನ್ನೂ ನನ್ನ ಬಳಿಯೇ ಇದೆ, ಟ್ರಂಕಿನ ತಳದಲ್ಲಿ. ತಂಡದ ಮುಂದಾಳತ್ವ ಮಾತ್ರ ಹೋಯಿತು. ಮುಂದಿನ ಒಂದು ಚಳಿಗಾಲ ಪೂರ್ತಿ ನನ್ನ ಕೆಲಸ ಬ್ಯಾರಕ್ಕುಗಳ ತಗಡಿನ ಮೇಲಿಂದ ಹಿಮ ಕೆಡವುವುದು ಮತ್ತು ಪಾಯಖಾನೆಗೆ ದಾರಿ ಮಾಡುವುದು. ಪಾಯಖಾನೆಯ ದಾರಿಯ ಹಿಮದ ಬಗ್ಗೆ ಈ ದೇಶದಲ್ಲಿ ನನ್ನಷ್ಟು ತಿಳಿದವರು ನಿಜವಾಗಿಯೂ ಯಾರೂ ಇಲ್ಲ.

ಆದರೆ ಸಾಹೇಬರು ಒಂದು ಒಳ್ಳೆಯ ಕೆಲಸ ಮಾಡಿದರು. ನನ್ನನ್ನು ಕೂರಿಸಿಕೊಂಡು, ಇಂಥದ್ದು ಮತ್ತೆ ಆಗದಿರಲು ಏನು ಮಾಡಬೇಕೆಂದು ಕೇಳಿ ಹೊಸ ಪದ್ಧತಿ ಬರೆಸಿದರು. ಹೊರಡುವ ಮೊದಲು ಒಬ್ಬರ ಬೀಕನ್ನನ್ನು ಇನ್ನೊಬ್ಬರು ಮುಟ್ಟಿ ನೋಡಬೇಕು, ಹುಡುಕುವ ಅಭ್ಯಾಸ ವಾರಕ್ಕೊಮ್ಮೆ ಆಗಲೇಬೇಕು. ಗುಂಡಿಯನ್ನು ಹತ್ತುವ ಇಳಿಜಾರಿನಲ್ಲೇ ತೋಡಬೇಕು. ಅಪಾಯದ ಜಾಗಕ್ಕೆ ಬಂದಾಗ ಎಲ್ಲರೂ ನಿಂತು, ಎಲ್ಲರಿಗಿಂತ ಕಿರಿಯನಾದವನು ತಾನು ಕಂಡದ್ದನ್ನೂ ಕೇಳಿದ್ದನ್ನೂ ಮೊದಲು ಹೇಳಬೇಕು, ದೊಡ್ಡವರು ಕೊನೆಗೆ. ದೊಡ್ಡವರು ಮೊದಲು ಬಾಯಿಬಿಟ್ಟರೆ ಚಿಕ್ಕವರ ಕಿವಿಗೆ ಬಿದ್ದದ್ದು ಹೊರಗೆ ಬರುವುದೇ ಇಲ್ಲ. ಒಬ್ಬನೇ ಒಬ್ಬ ಬೇಡ ಎಂದರೂ ಹಿಂದಿರುಗಬೇಕು, ಅವನನ್ನು ಕಾರಣ ಕೇಳಬಾರದು. ಅಶ್ವಿನಿ, ನಿನ್ನ ಕಾಲಕ್ಕೆ ಯಂತ್ರಗಳು ಇನ್ನೂ ಚೆನ್ನಾಗಿರುತ್ತವೆ. ಈ ಕೊನೆಯದನ್ನು ಮಾಡುವ ಯಂತ್ರ ಬಂದಿಲ್ಲ.

ಅದರ ಮುಂದಿನ ಚಳಿಗಾಲಕ್ಕೆ ಮುಂದಾಳತ್ವ ಮರಳಿ ಬಂತು. ವೈಜಿನಾಥನೂ ಗುಣವಾಗಿ ಬಂದು ನನ್ನ ತಂಡಕ್ಕೇ ಸೇರಿದ. ಮಾತು ಮಾತ್ರ ಇರಲಿಲ್ಲ. ಹಗ್ಗ ಕೊಡು, ಸಲಿಕೆ ತಗೋ, ಅಷ್ಟೇ. ಊಟಕ್ಕೆ ಕುಳಿತರೆ ನನ್ನಿಂದ ಎರಡು ಜನರ ಆಚೆ ಕೂರುತ್ತಿದ್ದ.

ಆ ಫೆಬ್ರವರಿಯಲ್ಲಿ ಮೇಲಿನ ಚೌಕಿಯನ್ನು ಕಣ್ಣಾರೆ ನೋಡಬೇಕೆಂದು ಒಬ್ಬರು ಹಿರಿಯ ಅಧಿಕಾರಿ ಬಂದರು. ಎತ್ತರದ ಆಳು, ಸ್ಕೀ ಚೆನ್ನಾಗಿ ಬಲ್ಲವರು. ಅವರನ್ನು ಕರೆದುಕೊಂಡು ಆರು ಜನ ನಸುಕಿಗೇ ಹೊರಟೆವು. ಚೌಕಿ ಕಣ್ಣಿಗೆ ಕಾಣುತ್ತಿತ್ತು. ನಡುವೆ ಉಳಿದದ್ದು ಒಂದೇ ಇಳಿಜಾರು, ಹೆಚ್ಚೆಂದರೆ ಇನ್ನೂರು ಹೆಜ್ಜೆ. ಅಂಚಿನಲ್ಲಿ ಗುಂಡಿ ತೋಡಿದೆ. ಕಂಬ ಮೊಣಕೈಯ ಮೂರನೇ ಏಟಿಗೆ ಜಾರಿತು. ಅಷ್ಟೇನೂ ಕೆಟ್ಟದ್ದಲ್ಲ, ಒಳ್ಳೆಯದೂ ಅಲ್ಲ. ದಾರಿಯಲ್ಲಿ ತಡವಾಗಿ ಬಿಸಿಲು ಏರತೊಡಗಿತ್ತು. ಕಿರಿಯವನು ಸ್ಕೀಯ ತುದಿಯಿಂದ ಸಣ್ಣ ಬಿರುಕು ಓಡಿದ್ದನ್ನು ಕಂಡೆ ಎಂದ. ಉಳಿದವರು ಏನೂ ಕಾಣಲಿಲ್ಲ ಎಂದರು. ನಾನು ಹಿಂದಿರುಗೋಣ ಸರ್ ಎಂದೆ. ಅಧಿಕಾರಿ ಚೌಕಿಯ ಕಡೆ ನೋಡಿದರು. ಮೇಲೆ ಆಗಲೇ ಅವರಿಗಾಗಿ ಜವಾನರು ಸಾಲು ನಿಂತಿದ್ದರು. ಖಾತ್ರಿಯಾಗಿ ಕುಸಿಯುತ್ತದೆಯೇ ಎಂದು ಕೇಳಿದರು. ಖಾತ್ರಿ ಇಲ್ಲ ಸರ್ ಎಂದೆ. ಹಾಗಾದರೆ ಏನು ನೋಡಿ ಹೇಳುತ್ತಿದ್ದೀಯ ಎಂದರು. ಒಮ್ಮೆ ತಪ್ಪು ಮಾಡಿದ ಮನುಷ್ಯ ನಾನು ಸರ್, ಅದಕ್ಕೇ ಹೇಳುತ್ತಿದ್ದೇನೆ ಎಂದೆ.

ಆಗ ಹಿಂದಿನಿಂದ ಸ್ಕೀ ತಿರುಗಿಸುವ ಸದ್ದು ಬಂತು. ವೈಜಿನಾಥ ಇಳಿಯುವ ಕಡೆ ಮುಖ ಮಾಡಿ ನಿಂತಿದ್ದ. ಅಧಿಕಾರಿಗೆ ಹಿಂದಿಯಲ್ಲಿ, ನಾನೂ ದಾಟುವುದಿಲ್ಲ ಸಾಹೇಬ್ ಎಂದ. ಆಮೇಲೆ ನನ್ನ ಕಡೆ ನೋಡದೆಯೇ ಕನ್ನಡದಲ್ಲಿ ಹೇಳಿದ.

“ಪಟ್ಟಿ ತಗದಿಯೇನು? ಇಲ್ಲಂದ್ರ ಮೆರವಣಿಗಿ ಆಕ್ಕೈತಿ.”

ಸುಮಾರು ಎರಡು ವರ್ಷದ ಮೇಲೆ, ಕೆಲಸದ ಮಾತು ಬಿಟ್ಟರೆ, ಅವನು ನನ್ನೊಂದಿಗೆ ಆಡಿದ ಮೊದಲ ಮಾತು ಅದು. ನೋಡಿಕೊಂಡೆ. ಪಟ್ಟಿ ತೆಗೆದಿರಲಿಲ್ಲ.

ಎಲ್ಲರೂ ಇಳಿದು ಬಂದೆವು. ಅಧಿಕಾರಿ ಹೋಗುವಾಗ ನನ್ನ ಕೈ ಕುಲುಕಲಿಲ್ಲ. ಈಗ ಕತೆಯಲ್ಲಾದರೆ ಆ ಇಳಿಜಾರು ಅದೇ ಮಧ್ಯಾಹ್ನ ಧೊಪ್ಪೆಂದು ಕುಸಿದು ನನ್ನ ಮರ್ಯಾದೆ ಉಳಿಸಬೇಕಿತ್ತು. ಅದು ಕುಸಿಯಲಿಲ್ಲ. ಮರುದಿನವೂ ಇಲ್ಲ, ಆ ವಾರವೂ ಇಲ್ಲ. ನಾನು ದಿನಾ ಬೆಳಿಗ್ಗೆ ಎದ್ದು ದುರ್ಬೀನಿನಲ್ಲಿ ಅದನ್ನೇ ನೋಡುತ್ತಿದ್ದೆ, ಒಂದಿಷ್ಟಾದರೂ ಬೀಳಬಾರದೇ ಎಂದು. ಹತ್ತು ದಿನದ ಮೇಲೆ ಇನ್ನೊಂದು ತಂಡ ಅದನ್ನು ಹಾಡು ಹೇಳುತ್ತ ದಾಟಿ ಹೋಯಿತು. ಅವತ್ತಿನಿಂದ ಬೆಟಾಲಿಯನ್ನಿನಲ್ಲಿ ನನಗೆ ‘ವಾಪಸ್ ಕಾಶೀನಾಥ’ ಎಂಬ ಹೆಸರು ಬಿತ್ತು. ನಿವೃತ್ತಿಯಾಗುವವರೆಗೂ ಅದೇ ಹೆಸರು.

ಆ ಹಿಮ ಆ ದಿನ ಕುಸಿಯುತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಈ ಕೆಲಸದಲ್ಲಿ ಸರಿ ಮಾಡಿದಾಗ ಏನೂ ಆಗುವುದಿಲ್ಲ. ಏನೂ ಆಗದಿದ್ದಕ್ಕೆ ನಗುತ್ತಾರೆ. ಹೊಸದಾಗಿ ಹೋಗುವವರು ಅದಕ್ಕೆ ತಯಾರಾಗಿ ಹೋಗಬೇಕು.

ಆ ಹೆಸರು ಬಿದ್ದ ವಾರದ ಭಾನುವಾರ ವೈಜಿನಾಥ ಊರಿಗೆ ಫೋನು ಮಾಡಲು ಸಾಲಿನಲ್ಲಿ ನಿಂತಿದ್ದ. ಬಹಳ ಹೊತ್ತು ಮಾತಾಡಿ, ನನ್ನನ್ನು ಕರೆದು ಫೋನನ್ನು ಕೈಗೆ ಕೊಟ್ಟ. ಆ ಕಡೆ ಮಹಾನಂದಾ.

“ಅಣ್ಣಾ, ದೊಡ್ಡ ಸಾಹೇಬ್ರನ್ನ ಹೊಳ್ಳಿಸಿಕೊಂಡು ಬಂದ್ರಂತ?”

“ಹೌದ್ರಿ ವೈನಿ. ಎಲ್ಲಾರೂ ನಗಾಕತ್ತಾರ.”

“ನಗಲಿ ಬಿಡ್ರಿ. ಬ್ಯಾಸಿಗ್ಯಾಗ ಇಬ್ಬರೂ ಕೂಡಿ ಬರ್ರಿ.”

ಜೂನಿನಲ್ಲಿ ರಜೆಗೆ ಹೊರಡುವ ಮುಂಚೆ ನಾವಿಬ್ಬರೂ ಕೊನೆಯ ಸಲ ಆ ಚೌಕಿಗೆ ಸಾಮಾನು ಎಣಿಸಲು ಹೋಗಬೇಕಾಯಿತು. ಹಿಮವೆಲ್ಲ ಕರಗಿ ಆ ಇಳಿಜಾರು ಹಸಿರಾಗಿತ್ತು. ಮೊಣಕಾಲುದ್ದ ಹುಲ್ಲು, ನಡುನಡುವೆ ಹಳದಿ ಹೂವು. ಆ ಸೀಮೆಯ ಕುರುಬನೊಬ್ಬ ತನ್ನ ಕುರಿಗಳನ್ನು ಅದರ ಮೇಲೆಲ್ಲ ಹರಡಿ, ಒಂದು ಕಲ್ಲಿನ ಮೇಲೆ ಕುಳಿತು ಉಣ್ಣೆ ನೂಲುತ್ತಿದ್ದ. ವೈಜಿನಾಥ ಅಂಚಿನಲ್ಲಿ ನಿಂತು, ಈಗಲಾದರೂ ದಾಟೋಣವೇ ಎಂದು ಕೇಳಿದ. ದಾಟೋಣ ಎಂದೆ. ಅವನು ಮೊದಲು ಹೊರಟ. ನಾನು ಅವನ ಮೇಲೆ ಕಣ್ಣಿಟ್ಟು ಅಲ್ಲೇ ನಿಂತೆ. ಅವನು ಆ ಕಡೆಯ ಬಂಡೆ ಮುಟ್ಟಿ, ತಿರುಗಿ ಕೈ ಎತ್ತಿದ ಮೇಲೆ ನಾನು ಕಾಲಿಟ್ಟೆ. ಅರ್ಧ ದಾರಿಗೆ ಬಂದಾಗ ಕುರುಬನ ನಗು ಕೇಳಿಸಿತು. ಬಿಸಿಲಲ್ಲಿ, ಕುರಿಗಳ ನಡುವೆ, ಇಬ್ಬರು ಗಟ್ಟಿಮುಟ್ಟು ಗಂಡಸರು ಒಂದು ಹುಲ್ಲುಗಾವಲನ್ನು ಒಬ್ಬೊಬ್ಬರಾಗಿ ದಾಟುತ್ತಿದ್ದೆವು.